ಮತ್ತೆ ಮೊದಲ ವಾರ

ಸ್ಯಾನ್ ಫರ್ನಾಂಡೋ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ನರ್ಸಾಗಿದ್ದ ಇಯೋನ್ ಫ್ರೆಡರಿಕ್ ಅಲ್ಲಿಯ ಗದ್ದಲ ಸಾಕಾಗಿ ರಾಜೀನಾಮೆ ಕೊಟ್ಟು, ಚಗ್ವಾನಸ್ ಪಟ್ಟಣದ ಖಾಸಗಿ ಆಸ್ಪತ್ರೆಗೆ ಸೇರಿದಳು. ಹೊಸಬರಿಗೆ ಅಲ್ಲಿ ಆರು ವಾರ ತರಬೇತಿ. ಅದು ಮುಗಿಯುವವರೆಗೆ ರೋಗಿಯನ್ನು ಮುಟ್ಟುವಂತಿಲ್ಲ, ತಾನಾಗಿ ಡಾಕ್ಟರಿಗೆ ಫೋನ್ ಮಾಡುವಂತಿಲ್ಲ.

ಅವಳಿಗೆ ಕಲಿಸಬೇಕಾದ ಕಲಿಸ್ಟಾ ಭೋಲಾಗೆ ಇಪ್ಪತ್ತಾರು ವರ್ಷ.

"ಮಿಸ್ ಇಯೋನ್, ಕೈ ಹಿಂದಕ್ಕೆ ಕಟ್ಕೊಂಡು ನೋಡ್ತಾ ಇರಿ, ಅಷ್ಟೇ."

"ನೀನು ಸ್ಕೂಲಿಗೆ ಹೋಗ್ತಿದ್ದಾಗ್ಲೇ ನಾನು ಸೂಜಿ ಚುಚ್ತಿದ್ದೆ ಕಣಮ್ಮಾ."

"ಇರ್ಬಹುದು. ಆದ್ರೂ ಕೈ ಹಿಂದಕ್ಕೆ!"

ನಾಲ್ಕನೇ ವಾರ, ಮಂಗಳವಾರ ಮಧ್ಯಾಹ್ನ. ಬೆಳಿಗ್ಗೆಯಷ್ಟೇ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿದ್ದ ನಿವೃತ್ತ ಮೇಷ್ಟ್ರು ಸುಗ್ರಿಮ್ ಮತ್ತೆ ಮತ್ತೆ ನೀರು ಕೇಳುತ್ತಿದ್ದರು. ತುಟಿ ಬಿಳುಚಿತ್ತು, ಹಣೆಯಲ್ಲಿ ಬೆವರು.

"ಕಲಿಸ್ಟಾ, ಒಳಗೆ ರಕ್ತ ಸೋರ್ತಿದೆ. ಡಾಕ್ಟರಿಗೆ ಹೇಳು."

"ಆಪರೇಷನ್ ಆದ್ಮೇಲೆ ಎಲ್ರಿಗೂ ಹೀಗೇ. ಊಟದ ಹೊತ್ತಲ್ಲಿ ಕರೆದ್ರೆ ಡಾಕ್ಟರು ನನ್ನ ಮೇಲೆ ಹರಿಹಾಯ್ತಾರೆ. ಅರ್ಧ ಗಂಟೆ ನೋಡೋಣ."

ಇಯೋನ್ ಹತ್ತು ನಿಮಿಷ ತಡೆದಳು. ಬೆನ್ನ ಹಿಂದೆ ಕಟ್ಟಿದ ಬೆರಳುಗಳು ಜೋಮು ಹಿಡಿದವು. ಆಮೇಲೆ ಮೇಷ್ಟ್ರ ಮಣಿಕಟ್ಟು ಹಿಡಿದಳು. ನಾಡಿ ನಿಮಿಷಕ್ಕೆ ನೂರಾ ಮೂವತ್ತು ದಾಟಿತ್ತು. ನೇರವಾಗಿ ಹೋಗಿ ಫೋನ್ ಎತ್ತಿದಳು.

ಇಪ್ಪತ್ತು ನಿಮಿಷದಲ್ಲಿ ಮೇಷ್ಟ್ರನ್ನು ಮತ್ತೆ ಶಸ್ತ್ರಚಿಕಿತ್ಸೆಗೆ ಒಯ್ದರು. ಬದುಕಿದರು.

ಮರುದಿನ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಪ್ಯಾಂಟಿನ್ ಇಯೋನ್‌ಳನ್ನು ಕರೆಸಿದರು.

"ನೀವು ಮಾಡಿದ್ದು ಸರಿ ಅಂತ ನಂಗೂ ಗೊತ್ತು ಸಿಸ್ಟರ್. ಆದ್ರೆ ನಾಳೆ ಏನೂ ತಿಳೀದ ಹುಡುಗಿ ಹೀಗೇ ಕೈ ಹಾಕಿದ್ರೆ ಯಾರು ಹೊಣೆ? ನಿಯಮ ಮುರಿದೆ ಅಂತ ಸಹಿ ಮಾಡಿ. ತರಬೇತಿ ಮತ್ತೆ ಮೊದಲಿಂದ."

"ಮಾಡ್ದೇ ಇದ್ರೆ?"

"ಮನೆಗೆ ಹೋಗ್ಬಹುದು."

ಸರ್ಕಾರಿ ಆಸ್ಪತ್ರೆಯಲ್ಲಿ ಅವಳ ಜಾಗಕ್ಕೆ ಆಗಲೇ ಬೇರೊಬ್ಬಳು ಬಂದಿದ್ದಳು. ವಾಪಸಾಗುವ ದಾರಿ ಇರಲಿಲ್ಲ. ತಾನು ಮಾಡಿದ್ದು ತಪ್ಪು ಎಂದು ಬರೆದಿದ್ದ ಹಾಳೆಯನ್ನು ಇಯೋನ್ ಎರಡು ಸಲ ಓದಿದಳು. ಸಹಿ ಹಾಕಿದಳು.

ಸೋಮವಾರ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೈ ತೊಳೆಯುವ ಪಾಠ. ಕಾಯಂ ನೌಕರರ ಕಾರ್ಡಿಲ್ಲದೆ ಬಾಗಿಲು ತೆರೆಯುತ್ತಿರಲಿಲ್ಲ. ಬಾಗಿಲಿನ ಗಾಜಿನಾಚೆ ಕಲಿಸ್ಟಾ ಬಂದು ನಿಂತಳು, ತನ್ನ ಕಾರ್ಡು ಹೊರತೆಗೆದಳು, ಮತ್ತೆ ಜೇಬಿಗಿಟ್ಟು ಹೊರಟುಹೋದಳು.

ಪಕ್ಕದ ಹುಡುಗಿ ಪಿಸುಗುಟ್ಟಿದಳು: "ಆಂಟಿ, ನೀವೂ ಈ ವರ್ಷಾನೇ ನರ್ಸಿಂಗ್ ಪಾಸಾದ್ರಾ?"

"ಹೂಂ," ಎಂದು ಇಯೋನ್ ಸೋಪು ಉಜ್ಜತೊಡಗಿದಳು.