ರುಚಿ ನೋಡದ ಭಟ್ಟರು

ಕದಿರು ಟ್ರಸ್ಟಿನ ಆಸ್ತಿ ಎಂದರೆ ಹೊಸನಗರದ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಸ್ಕೂಟರ್, ಅಡುಗೆಯ ಬಿಸಿ ಅಳೆಯುವ ಒಂದು ಥರ್ಮಾಮೀಟರ್. ಇಷ್ಟನ್ನು ಇಟ್ಟುಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳನ್ನು ಉದ್ಧಾರ ಮಾಡಲು ಹೊರಟವರು ನಾವು. ಸಂಸ್ಥೆ ಕಟ್ಟಿದ ನಿರಂಜನ ಸರ್ ರೈತರಿಗೆ ತರಕಾರಿ ಬೀಜ ಹಂಚುತ್ತಾರೆ, ಕಾಳುಮೆಣಸಿನ ಬಳ್ಳಿ ಸೊರಗಿದರೆ ಓಡಿಹೋಗಿ ನೋಡುತ್ತಾರೆ. ಬೆಳೆದದ್ದು ಹೊಟ್ಟೆ ಸೇರುವವರೆಗೆ ಕೆಡದ ಹಾಗೆ ಕಾಪಾಡುವುದು ಹೇಗೆಂದು ಜನರಿಗೆ ಕಲಿಸುವುದು ನನ್ನ ಕೆಲಸ. ನನ್ನ ಹೆಸರು ಸುಮನಾ. ಹೆಸರು ಕೇಳಿ ಮೆತ್ತಗಿನ ಹುಡುಗಿ ಅಂದುಕೊಂಡವರು ಒಂದು ಗಂಟೆಯೊಳಗೆ ಅಭಿಪ್ರಾಯ ಬದಲಿಸುತ್ತಾರೆ.

ಈ ಸಲ ಮಾರ್ಚಿನಲ್ಲಿ ಸಾಗರದ ಒಂದು ಹಾಲ್‌ನಲ್ಲಿ ಸಮಾರಂಭದ ಅಡುಗೆಯವರಿಗೆ ಮೂರು ದಿನದ ತರಬೇತಿ ಇಟ್ಟಿದ್ದೆವು. ಕೊನೆಯ ದಿನ ಪರೀಕ್ಷೆ, ಪಾಸಾದವರಿಗೆ ಪ್ರಮಾಣಪತ್ರ. ನಮ್ಮ ಕಾಗದಕ್ಕೆ ಅಂಥ ಬೆಲೆ ಏನಿದೆ ಎಂದು ಕೇಳಬೇಡಿ. ಈಚೆಗೆ ಕೆಲವು ಕಲ್ಯಾಣ ಮಂಟಪದವರು ಇಂಥ ಒಂದು ಕಾಗದ ತೋರಿಸದ ಅಡುಗೆಯವರನ್ನು ಒಲೆಯ ಹತ್ತಿರ ಬಿಡುತ್ತಿಲ್ಲ. ಹಾಗಾಗಿ ಇಪ್ಪತ್ತೆರಡು ಮಂದಿ ಬಂದರು. ಅವರಲ್ಲಿ ಮಧುಸೂದನ ಭಟ್ಟರೂ ಇದ್ದರು.

ಮಧುಸೂದನ ಭಟ್ಟರೆಂದರೆ ಸಿಗಂದೂರಿನ ದಾರಿಯಿಂದ ಮಂಡಗದ್ದೆಯವರೆಗೆ ಮದುವೆ ಮನೆಗಳಲ್ಲಿ ದೊಡ್ಡ ಹೆಸರು. ಅರವತ್ತೆರಡು ವರ್ಷ, ಕಡ್ಡಿಯಂಥ ಮೈ. ಅವರ ಜೊತೆಗೆ ಹೆಂಡತಿ ವೇದಾವತಿಯವರೂ ಬಂದಿದ್ದರು. ಈ ಎರಡು ತಿಂಗಳಿಂದ ತರಕಾರಿ ಹೆಚ್ಚಲು ಎಲ್ಲ ಕಡೆಗೂ ಅವರನ್ನೇ ಕರೆದುಕೊಂಡು ಹೋಗುತ್ತಾರಂತೆ. ಅವರಿಗೆ ಕಿಟಕಿ ಹತ್ತಿರ ಒಂದು ಮೆಟ್ಟುಗತ್ತಿ, ಒಂದು ಬುಟ್ಟಿ ಸೌತೆಕಾಯಿ ಕೊಟ್ಟು ಕೂರಿಸಿದೆವು.

ಮೊದಲ ದಿನವೇ ಭಟ್ಟರಿಗೂ ನನಗೂ ಜಟಾಪಟಿ. ರುಚಿ ನೋಡಲು ಪ್ರತಿ ಸಲವೂ ಬೇರೆ ಚಮಚ ತೆಗೆದುಕೊಳ್ಳಬೇಕು, ಬಾಯಿಗಿಟ್ಟದ್ದನ್ನು ಮತ್ತೆ ಪಾತ್ರೆಗೆ ಅದ್ದಬಾರದು, ಇದಕ್ಕೆ ಹತ್ತು ಅಂಕ ಎಂದೆ. ಭಟ್ಟರು ಕೈ ಎತ್ತಿದರು.

"ತಂಗಿ, ಆ ಹತ್ತು ಅಂಕ ನಂಗೆ ಬೇಡ. ನಾನು ರುಚಿ ನೋಡೂದೇ ಇಲ್ಲ."

"ನೋಡೂದೇ ಇಲ್ಲ ಅಂದ್ರೆ ಉಪ್ಪು ಹೆಂಗೆ ಗೊತ್ತಾಗುತ್ತೆ ಭಟ್ರೇ?"

"ದೇವರಿಗೆ ನೈವೇದ್ಯ ಆಗೂ ಮೊದಲು ನಾಲಿಗೆಗೆ ಇಟ್ರೆ ಅದು ಎಂಜಲು. ನಲವತ್ತು ವರ್ಷ ಆಯ್ತು, ಬಡಿಸೂ ಮೊದಲು ಒಂದು ಹನಿ ಬಾಯಿಗೆ ಹಾಕಿದವ ಅಲ್ಲ. ಬಗ್ಗಿ ಮೂಸೂದೂ ಇಲ್ಲ. ಒಲೆಯಿಂದ ಮೂರು ಹೆಜ್ಜೆ ದೂರ ನಿಂತ್ಕಳೂದು. ಆವಿ ತಾನಾಗೇ ಬಂದು ಹೇಳ್ತದೆ, ಉಪ್ಪು ಸಾಲ್ದು, ಇಂಗು ಹೆಚ್ಚಾಯ್ತು ಅಂತ."

ಉಳಿದ ಅಡುಗೆಯವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಈ ಮೂಗಿನ ಕತೆಗಳು ಅವರಿಗೆಲ್ಲ ಬಾಯಿಪಾಠ. ಒಂದು ಮದುವೆಯಲ್ಲಿ ಅಂಗಳದ ಆಚೆ ನಿಂತು "ಪಾಯಸ ತಳ ಹಿಡೀತು" ಎಂದು ಕೂಗಿದ್ದರಂತೆ. ನನಗೆ ಅರ್ಧ ಸಿಟ್ಟು, ಅರ್ಧ ಬೆರಗು. ನಮ್ಮ ಕೈಪಿಡಿ ಬರೆದವರಿಗೆ ಚಮಚವನ್ನೇ ಮುಟ್ಟದ ಅಡುಗೆಯವ ಇರಬಹುದೆಂದು ಹೊಳೆದಿರಲಿಲ್ಲ. ಎಂಜಲು ಮಾಡದವನಿಗೆ ಎಂಜಲು ಮಾಡಲಿಲ್ಲವೆಂದು ಅಂಕ ಕಳೆಯುವುದು ಹೇಗೆ? ಪೂರ್ತಿ ಹತ್ತು ಕೊಟ್ಟುಬಿಟ್ಟೆ.

ಎರಡನೆಯ ದಿನ ಮೇಜಿನ ಮೇಲೆ ಮುಚ್ಚಳ ಹಾಕಿದ ಮೂರು ಬಟ್ಟಲು ಇಟ್ಟೆ. ಮೂರರಲ್ಲೂ ರುಬ್ಬಿದ ಕಾಯಿ. ಒಂದು ಅವತ್ತು ಬೆಳಿಗ್ಗೆ ರುಬ್ಬಿದ್ದು, ಒಂದು ಹಿಂದಿನ ದಿನ ರುಬ್ಬಿ ಫ್ರಿಜ್ಜಿನಲ್ಲಿ ಇಟ್ಟದ್ದು, ಇನ್ನೊಂದು ಹಿಂದಿನ ದಿನವೇ ರುಬ್ಬಿ ಸೆಕೆಯಲ್ಲಿ ಹೊರಗೆ ಬಿಟ್ಟದ್ದು. ಒಬ್ಬೊಬ್ಬರೇ ಬಂದು ಮುಚ್ಚಳ ಓರೆ ಮಾಡಿ, ಯಾವುದು ತಾಜಾ ಎಂದು ಹೇಳಬೇಕು. ಒಬ್ಬೊಬ್ಬರು ಹೋದ ಮೇಲೂ ನಾನು ಬಟ್ಟಲುಗಳ ಜಾಗ ಬದಲಿಸುತ್ತಿದ್ದೆ. ಕೆಟ್ಟ ಬಟ್ಟಲು ಎಷ್ಟು ಕೆಟ್ಟಿತ್ತೆಂದರೆ ಮೂಗು ಇದ್ದ ಯಾರೂ ಎಡವುವಂತಿರಲಿಲ್ಲ. ಎಲ್ಲರೂ ಅದರ ಮುಚ್ಚಳ ತೆಗೆದ ಕೂಡಲೇ ಮುಖ ಸಿಂಡರಿಸಿ ಹಿಂದೆ ಸರಿದರು.

ಭಟ್ಟರ ಸರದಿ ಬಂತು. ಅವರು ಸರಿಯಾಗಿ ಅದೇ ಬಟ್ಟಲಿನ ಮುಚ್ಚಳ ತೆಗೆದರು, ಕಿಟಕಿಯ ಕಡೆ ಒಮ್ಮೆ ನೋಡಿದರು. ವೇದಾವತಿಯವರು ಒಂದು ಸಲ ಕೆಮ್ಮಿದರು. ಭಟ್ಟರು ಗಂಭೀರವಾಗಿ, "ಇದೇ ತಾಜಾ" ಎಂದರು.

ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭಟ್ಟರು ತಮಾಷೆ ಮಾಡಿದರು ಎಂದೇ ಎಲ್ಲರೂ ಅಂದುಕೊಂಡರು. ಭಟ್ಟರೂ ನಕ್ಕರು, ಆದರೆ ಅವರ ನಗು ಸ್ವಲ್ಪ ತಡವಾಗಿ ಬಂತು. ನಾನು ಅವರ ಕಣ್ಣು ನೋಡಿದೆ. ಸಂತೆಯಲ್ಲಿ ಕೈ ಬಿಟ್ಟುಹೋದ ಮಗುವಿನ ಕಣ್ಣು ಅದು. ನನ್ನ ನಗು ಅಲ್ಲೇ ನಿಂತಿತು.

ಸಂಜೆ ಎಲ್ಲರೂ ಹೋದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಹಾಲ್‌ನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡೆ. ಭಟ್ಟರು ಏನೇನೋ ಸುತ್ತಿ ಬಳಸಿ ಮಾತಾಡಿದರು. ವೇದಕ್ಕನೇ ಬಾಯಿ ಬಿಟ್ಟರು.

"ಜನವರೀಲಿ ಒಂದು ಜ್ವರ ಬಂತು ತಂಗಿ. ಜ್ವರ ಹೋಯ್ತು, ಜೊತೆಗೆ ಮೂಗೂ ಹೋಯ್ತು. ಇಂಗಿನ ಡಬ್ಬಿ ಮೂಗಿಗೆ ಹಿಡಿದ್ರೂ ಇವರಿಗೆ ಮಣ್ಣು ಹಿಡಿದ ಹಾಗೆ. ಡಾಕ್ಟ್ರು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ ಅಂದ್ರು."

"ಮತ್ತೆ ಈ ಎರಡು ತಿಂಗಳು ಅಡುಗೆ?"

"ಕೈ ಅಳತೆ ಇವರದ್ದೇ. ಮೂಗು ನಂದು. ಸರಿ ಇದ್ರೆ ಒಂದು ಕೆಮ್ಮು, ಕೆಟ್ರೆ ಎರಡು, ಉಪ್ಪು ಕಡಿಮೆ ಆದ್ರೆ ಸೆರಗು ಸರಿ ಮಾಡ್ಕಳೂದು. ಇವತ್ತು ಗಾಳಿ ಕಿಟಕಿಯಿಂದ ಒಳಗೆ ಬೀಸ್ತಿತ್ತು, ನಂಗೆ ಎಂತದೂ ಗೊತ್ತಾಗ್ಲಿಲ್ಲ. ಅಂದಾಜಿಗೆ ಕೆಮ್ಮಿದೆ."

ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. "ಅಂದಾಜಿಗಾ? ಮುನ್ನೂರು ಜನರ ಹೊಟ್ಟೆ ಕೆಟ್ರೆ ಆಸ್ಪತ್ರೇಲಿ ಕೂತು ಕೆಮ್ತೀರಾ ಇಬ್ರೂ?" ಎಂದು ಕೂಗಿದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಅಜ್ಜಿಯ ಕಾಲದಲ್ಲಿ ನಮ್ಮ ಮನೆಯವರು ಇಂಥ ಭಟ್ಟರ ತೋಟಗಳಲ್ಲಿ ಅಂಗಳದಾಚೆ ನಿಂತು ಮಾತಾಡಿದವರು. ಮೊಮ್ಮಗಳು ಭಟ್ಟರಿಗೇ ಗದರುವುದನ್ನು ಕಂಡಿದ್ದರೆ ಅಜ್ಜಿ ಹೆದರುತ್ತಿದ್ದಳೋ, ಹಿಗ್ಗುತ್ತಿದ್ದಳೋ ಗೊತ್ತಿಲ್ಲ. ಭಟ್ಟರು ಮಾತ್ರ ತಲೆ ತಗ್ಗಿಸಿ ಕೂತರು.

"ಒಲೆ ಬಿಟ್ರೆ ನಂಗೆ ಬೇರೆ ಎಂತ ಗೊತ್ತಿದೆ ಹೇಳು" ಎಂದರು ಕೊನೆಗೆ. "ಮೂಗು ಹೋಯ್ತು ಅಂತ ಗೊತ್ತಾದ್ರೆ ನಾಳೆಯಿಂದ ಒಬ್ರೂ ಕರೆಯೂದಿಲ್ಲ. ಮನೇಲಿ ಕೂತ್ಕಂಡು ಸಾಯೂದು."

ಆ ಮಾತು ಕೇಳಿ ನಾನೂ ಅವರ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಆದರೂ ಸುಳ್ಳು ಪ್ರಮಾಣಪತ್ರ ಕೊಡುವವಳಲ್ಲ ನಾನು. ನಿರಂಜನ ಸರ್‌ಗೆ ಫೋನ್ ಮಾಡಿದೆ. ಅವರು ಎಂದಿನಂತೆ, "ನಿನ್ನ ವಿಭಾಗ ಮಾರಾಯ್ತಿ, ನೀನೇ ನೋಡು" ಎಂದು ಜಾರಿಕೊಂಡರು. ಫೋನ್ ಇಟ್ಟು ಯೋಚಿಸಿದೆ. ಕೈ ಒಬ್ಬರದ್ದು, ಮೂಗು ಒಬ್ಬರದ್ದು. ಎರಡೂ ಸೇರಿದರೆ ಒಬ್ಬರು ಒಳ್ಳೆಯ ಅಡುಗೆಯವರು.

"ನಾಳೆ ವೇದಕ್ಕನೂ ಪರೀಕ್ಷೆ ಬರೀಲಿ. ಪಾಸಾದ್ರೆ ಇಬ್ಬರ ಹೆಸರಲ್ಲೂ ಒಂದೇ ಪ್ರಮಾಣಪತ್ರ. ಆದ್ರೆ ಒಂದು ಷರತ್ತು. ವೇದಕ್ಕ ಒಲೆ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳೋ ಹಂಗೆ ಹೇಳ್ಬೇಕು. ಕೆಮ್ಮೂದು, ಸೆರಗು ಎಳ್ಕಳೂದು ಇವೆಲ್ಲ ನಡಿಯಲ್ಲ."

ವೇದಕ್ಕನ ಮುಖ ಅರಳಿತು. ಭಟ್ಟರ ಮುಖ ಸಣ್ಣದಾಯಿತು. ಅವರಲ್ಲಿ ಮನೆಯ ಒಲೆ ಹೆಂಗಸರದ್ದು, ಸಮಾರಂಭದ ಒಲೆ ಗಂಡಸರದ್ದು. ಅವರು ಹೆಂಡತಿಯ ಕಡೆ ತಿರುಗಿ ಊರು ನಗುತ್ತದೆಂದು ಮನೆ ಮಾತಿನಲ್ಲಿ ಗೊಣಗಿದರು: "ಮಧುಸೂದನಂಗೆ ಹೆಂಡ್ತಿ ಅಡುಗೆ ಹೇಳಿಕೊಡ್ತು ಹೇಳಿ ಊರೆಲ್ಲ ನೆಗ್ಯಾಡ್ತ."

"ನೆಗ್ಯಾಡ್ಲಿ. ನೆಗ್ಯಾಡಿದ್ದಕ್ಕೆ ಯಾರ ಹೊಟ್ಟೆಯೂ ಕೆಡ್ತಿಲ್ಲೆ" ಎಂದರು ವೇದಕ್ಕ.

ಮರುದಿನ ಇಬ್ಬರೂ ಬಂದರು. ಭಟ್ಟರು ನನ್ನ ಕಡೆ ನೋಡದೆ ಹೋಗಿ ಕೂತರು. ವೇದಕ್ಕ ಕನ್ನಡಕ ಒರೆಸಿಕೊಂಡು, ಪ್ರಶ್ನೆಪತ್ರಿಕೆಯಲ್ಲಿದ್ದ ಒಂದು ತಪ್ಪನ್ನೂ ಹುಡುಕಿಕೊಟ್ಟು ತೊಂಬತ್ತೊಂದು ಅಂಕ ತೆಗೆದರು. ಭಟ್ಟರಿಗೆ ಎಪ್ಪತ್ತೆಂಟು. ವೇದಕ್ಕನಷ್ಟು ಅಂಕ ಬೇರೆ ಯಾರಿಗೂ ಬರಲಿಲ್ಲವಾದ್ದರಿಂದ ಮುಂದಿನ ವಾರ ತೀರ್ಥಹಳ್ಳಿಯಲ್ಲಿದ್ದ ನಮ್ಮ ರೈತ ಮೇಳದ ಅಡುಗೆಯನ್ನು ಇಬ್ಬರಿಗೂ ಒಪ್ಪಿಸಿದೆ. ಷರತ್ತು ಪೂರೈಸಿದರೆ ಅಲ್ಲೇ ಪ್ರಮಾಣಪತ್ರ.

ಮೇಳದ ಬೆಳಿಗ್ಗೆ ಎಂಟಕ್ಕೆ ಅಡುಗೆ ಚಪ್ಪರಕ್ಕೆ ಹೋಗಿ ನೋಡುತ್ತೇನೆ, ಭಟ್ಟರು ಒಲೆಯ ಮುಂದೆ ಒಬ್ಬರೇ ನಿಂತಿದ್ದಾರೆ. ವೇದಕ್ಕ ಚಪ್ಪರದ ಆ ತುದಿಯಲ್ಲಿ ಸೌತೆಕಾಯಿ ರಾಶಿಯ ನಡುವೆ. ಭಟ್ಟರು ತಮ್ಮ ಹತ್ತು ಜನ ಸಹಾಯಕರಿಗೆ ಏನನ್ನೂ ಹೇಳಿರಲಿಲ್ಲ. ನನ್ನ ತಲೆ ಕೆಟ್ಟಿತು. ಇನ್ನು ಹತ್ತು ನಿಮಿಷ ನೋಡಿ ನಾನೇ ಎಲ್ಲರ ಎದುರು ಹೇಳಿಬಿಡಬೇಕು ಎಂದು ಥರ್ಮಾಮೀಟರ್ ಹಿಡಿದುಕೊಂಡು ನಿಂತೆ.

ದೊಡ್ಡ ಕೊಪ್ಪರಿಗೆಯಲ್ಲಿ ಹುಳಿಗೆ ಹಾಕಿದ ಹೋಳು ಬೆಂದಿತ್ತು. ಸತೀಶ್ ಎಂಬ ಸಹಾಯಕ ರುಬ್ಬಿದ ಕಾಯಿಯ ಎರಡು ಬಕೆಟ್ ತಂದು ಇಟ್ಟ. ಭಟ್ಟರು ಮೊದಲ ಬಕೆಟ್ ಎತ್ತಿ ಕೊಪ್ಪರಿಗೆಯ ಅಂಚಿಗೆ ತಂದರು. ಬಗ್ಗಿಸಲಿಲ್ಲ. ಅದನ್ನೇ ನೋಡುತ್ತಾ ನಿಂತರು. ಕಾಯಿ ಬೆಳ್ಳಗೆ ಚೆನ್ನಾಗಿಯೇ ಇತ್ತು, ನೋಡಿ ತಿಳಿಯುವಂಥದ್ದು ಏನೂ ಇರಲಿಲ್ಲ. ಸಹಾಯಕರು ಸಟ್ಟುಗ ಹಿಡಿದು ಕಾಯುತ್ತಿದ್ದರು. ಸುರಿದುಬಿಟ್ಟರೆ ಮುಗಿಯಿತು, ಮರ್ಯಾದೆ ಉಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬಕೆಟ್ಟನ್ನು ಕೆಳಗೆ ಇಟ್ಟರು.

"ವೇದಾ!" ಎಂದು ಕೂಗಿದರು. ಚಪ್ಪರ ಪೂರ್ತಿ ತಿರುಗಿ ನೋಡಿತು. "ಇಲ್ಲಿ ಬಾರೆ. ಎಂಗೆ ವಾಸನೆ ಬತ್ತಿಲ್ಲೆ. ಎರಡು ತಿಂಗಳಾತು, ಎಂತದೂ ಬತ್ತಿಲ್ಲೆ. ನೀನೇ ನೋಡಿ ಹೇಳು."

ಯಾರೂ ನಗಲಿಲ್ಲ. ವೇದಕ್ಕ ಕೈ ತೊಳೆದುಕೊಂಡು ಬಂದು ಬಕೆಟ್ಟುಗಳಿಂದ ಮೂರು ಹೆಜ್ಜೆ ದೂರ ನಿಂತರು. ಗಂಡ ನಿಲ್ಲುತ್ತಿದ್ದಷ್ಟೇ ದೂರ.

"ಎಡಗಡೇದು ಸರಿ ಇದ್ದು" ಎಂದರು ಗಟ್ಟಿಯಾಗಿ. "ಭಟ್ರ ಕೈಲಿದ್ದದ್ದು ಹುಳಿ ಬಂಜು. ಚೆಲ್ಲಕ್ಕು."

ಹುಳಿ ಬಂದದ್ದನ್ನು ಚೆಲ್ಲಬೇಕೆಂದು ಕೇಳಿ ಸತೀಶನ ಮುಖ ಬಿಳಿಚಿತು. ಬೆಳಿಗ್ಗೆ ಕೆಲಸ ಹಗುರಾಗಲಿ ಎಂದು ಒಂದು ಬಕೆಟ್ ಕಾಯಿಯನ್ನು ಹಿಂದಿನ ಸಂಜೆಯೇ ರುಬ್ಬಿಟ್ಟಿದ್ದ. ಅವನಿಗೆ ಬೈಯಲು ನಾನು ಉಸಿರು ಎಳೆದುಕೊಂಡೆ. ಭಟ್ಟರು ಕೈ ಅಡ್ಡ ಹಿಡಿದು, "ಬೈಗುಳ ಊಟ ಆದ್ಮೇಲೆ. ಈಗ ಕಾಯಿ ತುರಿ" ಎಂದು ನನ್ನ ಮುಂದೆ ತುರಿಮಣೆ ತಳ್ಳಿದರು. ನಾನು ತುರಿದೆ. ಭಾಷಣದ ಕಾಗದ ಜೇಬಿನಲ್ಲಿಟ್ಟು ನಿರಂಜನ ಸರ್ ಕೂಡ ತುರಿದರು, ಬೆರಳೂ ತುರಿದುಕೊಂಡು ಪಟ್ಟಿ ಕಟ್ಟಿಸಿಕೊಂಡರು. ಅವರ ಮುಂದಿದ್ದ ಕಾಯಿಯನ್ನೂ ಚೆಲ್ಲಿಸಿದೆ.

ಊಟ ಅರ್ಧ ಗಂಟೆ ತಡವಾಯಿತು. ಮಂಡಗದ್ದೆಯ ರೈತರು ಹುಳಿಯನ್ನು ಮೂರು ಮೂರು ಸಲ ಹಾಕಿಸಿಕೊಂಡರು. ನಾನು ಪ್ರಮಾಣಪತ್ರ ಕೊಟ್ಟಾಗ ಭಟ್ಟರು ಅದನ್ನು ಕೈಗೆ ತೆಗೆದುಕೊಳ್ಳದೆ ಗದ್ದದಿಂದ ಹೆಂಡತಿಯ ಕಡೆ ತೋರಿಸಿದರು. ನನ್ನ ಕಣ್ಣು ಒದ್ದೆಯಾಯಿತು. ಒಲೆಯ ಹೊಗೆ ಎಂದು ಹೇಳಲು ನೋಡಿದೆ. ಗ್ಯಾಸ್ ಒಲೆ ಅದು.

ಆದರೆ ಭಟ್ಟರ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಮೂಗು ಹೋದ ಸುದ್ದಿ ಆಗಲೇ ಪಂಕ್ತಿ ಪಂಕ್ತಿಯಲ್ಲೂ ಓಡಾಡಿತ್ತು. ಅವರು ಚಪ್ಪರದ ಕಂಬಕ್ಕೆ ಒರಗಿ, ಊಟ ಮುಗಿಸಿ ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಎಷ್ಟೋ ಜನ ಊಟ ಚೆನ್ನಾಗಿತ್ತು ಎಂದಷ್ಟೇ ಹೇಳಿ ಬಸ್ಸಿಗೆ ನಡೆದರು. ಕೊನೆಗೆ ಗಣೇಶಮೂರ್ತಿ ಎಂಬ ತೋಟದ ಯಜಮಾನರು ಬಂದರು. ಮೇ ಹದಿನಾಲ್ಕಕ್ಕೆ ಅವರ ಮಗಳ ಮದುವೆ.

"ಭಟ್ರೇ, ಸುದ್ದಿ ಕೇಳಿದೆ" ಎಂದರು. ಭಟ್ಟರು ಕಂಬ ಬಿಟ್ಟು ನೆಟ್ಟಗೆ ನಿಂತರು. "ಮೂಗು ಹೋಗಿದ್ದನ್ನ ಹತ್ತು ಜನರ ಎದುರಿಗೆ ಹೇಳಿ ಬಕೆಟ್ ಕೆಳಗಿಟ್ರಂತೆ. ಮೂಗಿದ್ದೂ ಸುರಿಯೋರನ್ನ ಬೇಕಾದಷ್ಟು ನೋಡಿದೀನಿ. ಎಂಟುನೂರು ಜನ ಆಗ್ತಾರೆ. ಬರ್ತೀರಾ?"

ಭಟ್ಟರು ಎರಡು ಸಲ ತಲೆಯಾಡಿಸಿದರು.

"ಅಡುಗೆ ಯಾರದ್ದು ಅಂತ ಮನೇಲಿ ಕೇಳ್ತಾರೆ" ಎಂದು ಗಣೇಶಮೂರ್ತಿಯವರು ಪೆನ್ನು ತೆಗೆದರು. "ಯಾವ ಹೆಸರು ಬರ್ಕೊಳ್ಳಲಿ?"

ಭಟ್ಟರು ಹೆಂಡತಿಯನ್ನು ನೋಡಿದರು. ವೇದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಕ್ಷಣ ಯೋಚಿಸಿದರು.

"ಇಬ್ಬರದ್ದೂ ಬರ್ಕಳಿ" ಎಂದರು. "ನಂದು ಮೊದಲು."