ಬಂಪರಿನ ಹಿಂದಿನ ಪೈಪು

ಕಾರಿನ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಹೊಸ ಪೈಪು ಹಾಕಿಸಲು ಗಂಡ ಹೆಂಡತಿ ಗ್ಯಾರೇಜಿಗೆ ಹೋಗಿದ್ದರು. ಮೆಕ್ಯಾನಿಕ್ ಎರಡು ಬಗೆಯವನ್ನು ತೋರಿಸಿದ. ಒಂದು ಬಾನೆಟ್ಟಿನಡಿ ಎತ್ತರದಲ್ಲಿ ಕೂರುವಂಥದ್ದು. ಇನ್ನೊಂದರ ಬಾಯಿ ಬಂಪರಿನ ಹಿಂದೆ, ರಸ್ತೆಗೆ ಹತ್ತಿರ.

"ಕೆಳಗಿನದಕ್ಕೆ ತಣ್ಣನೆ ಗಾಳಿ ಸಿಗತ್ತೆ, ಪಿಕಪ್ ಜಾಸ್ತಿ. ಆದ್ರೆ ನಿಂತ ನೀರಿಗೆ ಇಳಿಸಿದ್ರೆ ಎಂಜಿನ್ ನೀರು ಕುಡಿಯತ್ತೆ," ಎಂದ.

"ಮೇಲಿಂದೇ ಹಾಕ್ಸೋಣ ರೀ. ಮಳೆ ಬಂದ್ರೆ ನಮ್ಮ ರಸ್ತೆ ಕೆರೆ ಆಗತ್ತೆ," ಎಂದಳು ಹೆಂಡತಿ.

"ನಾವೇನು ದೋಣಿ ಓಡಿಸ್ತೀವಾ?" ಎಂದು ಗಂಡ ನಕ್ಕ. ಕೆಳಗಿನದೇ ಆಯಿತು.

ಜೋರು ಮಳೆಯ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಅವಳ ತಾಯಿಯ ಸ್ಥಿತಿ ಕೈಮೀರುತ್ತಿತ್ತು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಕಾರು ಹತ್ತಿದರು. ರೈಲು ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿತ್ತು. ಬಳಸು ದಾರಿ ದೂರವೆಂದು ಅವನು ಅದರಲ್ಲೇ ನುಗ್ಗಿಸಿದ. ನಡುನೀರಿನಲ್ಲಿ ಎಂಜಿನ್ ಟಕ್ಕೆಂದು ಸದ್ದುಮಾಡಿ ನಿಂತುಹೋಯಿತು. ಕೀಲಿ ಎಷ್ಟು ತಿರುಗಿಸಿದರೂ ಮಿಸುಕಲಿಲ್ಲ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದಳು. ಅವನೂ ಕಾರನ್ನು ಅಲ್ಲೇ ಬಿಟ್ಟು ಹಿಂದೆ ಓಡಿದ. ಕೈ ಅಡ್ಡ ಹಿಡಿದರೂ ಒಂದು ಗಾಡಿಯೂ ನಿಲ್ಲಲಿಲ್ಲ.

ಅವರು ವಾರ್ಡು ಮುಟ್ಟುವಷ್ಟರಲ್ಲಿ ನರ್ಸ್ ಆ ತಾಯಿಯ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

"ಅಮ್ಮ ನನ್ನ ಕೇಳಿದ್ರಾ?"

"ಈಗಷ್ಟೇ ಹೋದ್ರಮ್ಮಾ. ಅಲ್ಲೀವರೆಗೂ 'ಬಂದ್ಲಾ, ಬಂದ್ಲಾ' ಅಂತಾನೇ ಇದ್ರು."

ಅವನು ಹೆಂಡತಿಯ ಭುಜ ಮುಟ್ಟಲು ಕೈ ಚಾಚಿದ. ಅವಳು ಮಂಚದ ಆಚೆ ಬದಿಗೆ ಹೋಗಿ, ಅವನಿಗೆ ಬೆನ್ನು ಮಾಡಿ ನಿಂತಳು. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.