ಪುಷ್ಪಲತಾಳ ಕೈಗುಣ

ಮಹೇಂದ್ರ ಕೆಟ್ಟವನಲ್ಲ ಎಂದು ದಾವಣಗೆರೆಯ ಸರಸ್ವತಿ ನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಅವನ ಹಳೆ ಕಂಪ್ಯೂಟರ್ ಅಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ ಮಾತ್ರ. ಅವನ ಕಸುಬು ನನಗೆ ಗೊತ್ತಿರುವಷ್ಟು ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ.

ಬೆಂಗಳೂರಿನ ಕಂಪನಿಗಳು ಬೇಡವೆಂದು ತೂಕಕ್ಕೆ ಹಾಕಿದ ಕಂಪ್ಯೂಟರುಗಳು ಅವನಲ್ಲಿಗೆ ಲಾಟಿನ ಲೆಕ್ಕದಲ್ಲಿ ಬಂದು ಬೀಳುತ್ತವೆ. ಒಂದರ ಹೊಟ್ಟೆಯದನ್ನು ಇನ್ನೊಂದಕ್ಕೆ ಹಾಕಿ, ರ‍್ಯಾಮಿನ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಹೊಸ ಕ್ಯಾಬಿನೆಟ್ಟಿನಲ್ಲಿ ಕೂರಿಸಿ ಮಾರುತ್ತಾನೆ. ಅದರಲ್ಲಿ ತಪ್ಪಿಲ್ಲ. ಹೊಸದು ಕೊಳ್ಳಲಾಗದ ಎಷ್ಟೋ ಮನೆಗಳಿಗೆ ಅದರಿಂದ ಅನುಕೂಲವೇ ಆಗಿದೆ. ಅವನ ಕಳ್ಳಾಟ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಪರದೆಯ ಮೇಲೆ ಚಿತ್ರ ಮೂಡಿಸುವ ಆ ಕಾರ್ಡು ಸತ್ತಿದ್ದರೂ ಅವನು ಎಸೆಯುವುದಿಲ್ಲ. ಬಿಸಿಗಾಳಿ ಊದುವ ಗನ್ ಹಿಡಿದು ಕಾಯಿಸುತ್ತಾನೆ. ಬಿಟ್ಟುಕೊಂಡಿದ್ದ ಬೆಸುಗೆ ಆ ಶಾಖಕ್ಕೆ ಹೇಗೋ ಕೂಡಿಕೊಂಡು ಕಾರ್ಡು ಎದ್ದು ಕೂರುತ್ತದೆ. ಕೆಲವು ವಾರ ಅಷ್ಟೇ. ಆಮೇಲೆ ದೊಡ್ಡ ಕೆಲಸ ಕೊಟ್ಟು ಅದರ ಮೈ ಬಿಸಿಯಾದಾಗಲೆಲ್ಲ ಪರದೆ ತುಂಬ ಬಣ್ಣದ ಗೆರೆ ಬರುತ್ತವೆ, ತಣ್ಣಗಾದರೆ ಮತ್ತೆ ಸರಿ. ಈ ಧಂದೆಯವರಿಗೆಲ್ಲ ಇದು ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ.

ಪುಷ್ಪಲತಾಳಿಗೂ ಗೊತ್ತಿರಲಿಲ್ಲ. ನಂದಿಗುಡಿಯ ಹುಡುಗಿ. ಮದುವೆಗೆ ಮುಂಚೆ ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ಆಲ್ಬಂ ಕೂರಿಸುವ, ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಿದ್ದಳು. ಪ್ರಿಂಟಿಗೆಂದು ನನ್ನ ಅಂಗಡಿಗೆ ಬರುತ್ತಿದ್ದಳು. ಮದುಮಗಳನ್ನು ಬೆಳ್ಳಗೆ ಮಾಡಿಕೊಡು ಅಂದರೆ "ಆಕಿ ಹಂಗೇ ಚಂದ ಅದಾಳ" ಅಂದು ಗಿರಾಕಿಗಳಿಂದ ಬೈಸಿಕೊಂಡವಳು. ಹರಿಹರದ ಅರುಣ್ ಕುಮಾರನ ಜೊತೆ ಮಾತುಕತೆ ಆಗುವಾಗ ಅವಳು ಹಾಕಿದ್ದು ಒಂದೇ ಷರತ್ತು. ಮನೆಯಲ್ಲಿ ಕಂಪ್ಯೂಟರ್ ಹಾಕಿಸಿಕೊಡಬೇಕು, ಕೆಲಸ ಬಿಡುವುದಿಲ್ಲ. ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ದುಡಿಯುವ ಅರುಣ ಹೂಂ ಅಂದ. ಅವನು ಯಾರು ಏನು ಹೇಳಿದರೂ ಹೂಂ ಅನ್ನುವವನು. ಅದೇ ಅವನ ರೋಗ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಆ ಮನೆಯಲ್ಲಿ ಪಾತ್ರೆ ಅತ್ತೆ ಗಿರಿಯಮ್ಮನದು, ದೇವರ ಕೋಣೆ ಗಿರಿಯಮ್ಮನದು, ಗಂಡನೂ ಮುಕ್ಕಾಲು ಪಾಲು ಗಿರಿಯಮ್ಮನವನೇ. ಕಿಟಕಿ ಪಕ್ಕದ ಒಂದು ಮೇಜು, ಅದರ ಮೇಲಿನ ಕಂಪ್ಯೂಟರು, ಇಷ್ಟು ಮಾತ್ರ ಪುಷ್ಪಲತಾಳದು. ಆ ಕಂಪ್ಯೂಟರನ್ನು ಕಟ್ಟಿಕೊಟ್ಟವನು ಮಹೇಂದ್ರ, ಅದರೊಳಗೆ ಹಾಕಿದ್ದು ಕಾಯಿಸಿದ ಕಾರ್ಡು.

ಮೊದಲ ಸಲ ಕೆಟ್ಟಾಗ ಕ್ಯಾಬಿನೆಟ್ಟನ್ನು ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಹರಿಹರದಿಂದ ಇಲ್ಲಿಗೆ ಬರುವಷ್ಟರಲ್ಲಿ ಅದು ತಣ್ಣಗಾಗಿತ್ತು. ಮಹೇಂದ್ರ ಗುಂಡಿ ಒತ್ತಿ ಹಚ್ಚಿದ ಕೂಡಲೇ ಚಿತ್ರ ಚಂದಾಗಿ ಬಂತು.

"ಏನಾಗೈತೆ ಇದಕ್ಕೆ? ನಿಮ್ಮನಿ ಕರೆಂಟ್ ಸರಿ ಇಲ್ಲ, ಅರ್ಥಿಂಗ್ ಮಾಡಿಸ್ರಿ" ಎಂದು ಸಾಗಹಾಕಿದ.

ಅರ್ಥಿಂಗ್ ಮಾಡಿಸಿದರು. ಮತ್ತೆ ಕೆಟ್ಟಿತು. ಈ ಸಲ ಗಿರಿಯಮ್ಮ ಜೊತೆಗೆ ಬಂದು ಅಂಗಡಿಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕೂತಳು. ಚಿಲ್ಲರೆ ಕೇಳಲು ಹೋಗಿದ್ದ ನಾನೂ ಅಲ್ಲೇ ನಿಂತಿದ್ದೆ. ಮಹೇಂದ್ರ ಹಚ್ಚಿ ಒಂದು ಮದುವೆ ವಿಡಿಯೋ ಓಡಿಸಿದ. ಚಹಾ ಬಂತು, ಕುಡಿದದ್ದಾಯಿತು, ವಿಡಿಯೋ ಓಡುತ್ತಲೇ ಇತ್ತು. "ನೋಡ್ರಿ, ಏನೂ ಆಗಿಲ್ಲ" ಎಂದು ಬಂದ್ ಮಾಡಿದ.

"ಒಂದು ನಿಮಿಷ ಅಣ್ಣ, ನಾನು ಹಚ್ಚಿದಾಗ ಹೆಂಗಾಗ್ತೈತೆ ತೋರಿಸ್ತೀನಿ" ಎಂದು ಪುಷ್ಪಲತಾ ಗುಂಡಿ ಒತ್ತಿದಳು. ಕಾರ್ಡು ಅಷ್ಟೊತ್ತಿಗೆ ಚೆನ್ನಾಗಿ ಕಾದಿತ್ತು. ಪರದೆ ತುಂಬ ಹಸಿರು, ಗುಲಾಬಿ ಗೆರೆ ಬಂದವು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು.

ಕಾಯಿಸಿದ ಕಾರ್ಡು ಕೊಟ್ಟಿದ್ದೇನೆ ಎಂದು ಮಹೇಂದ್ರ ಒಪ್ಪಿಕೊಳ್ಳಬಹುದಿತ್ತು. ಒಪ್ಪಿದರೆ ಹರಿಹರದ ಸ್ಟುಡಿಯೋದವರೆಲ್ಲ ತಮ್ಮ ತಮ್ಮ ಕ್ಯಾಬಿನೆಟ್ ಹೊತ್ತು ಬಂದು ನಿಲ್ಲುತ್ತಾರೆ. ಅವನು ನಕ್ಕ. ಪುಷ್ಪಲತಾಳ ಕಡೆ ನೋಡದೆ ಗಿರಿಯಮ್ಮನ ಕಡೆ ತಿರುಗಿ ನಕ್ಕ.

"ಕೆಲವರ ಕೈಗುಣ ಅಮ್ಮಾರೆ. ನಾನು ಹಚ್ಚಿದ್ರೆ ಏಳತೈತೆ, ಇವ್ರು ಹಚ್ಚಿದ್ರೆ ಮಲಗತೈತೆ. ಅದಕ್ಕೆ ನಾವೇನು ಮಾಡಾಕ ಬರ್ತೈತೆ?"

ನಮ್ಮ ಕಡೆ ಕೈಗುಣ ಅನ್ನುವುದು ಸಣ್ಣ ಮಾತಲ್ಲ. ಬಿತ್ತನೆಯ ಮೊದಲ ಹಿಡಿ ಯಾರು ಹಾಕಬೇಕು, ಅಂಗಡಿಯ ಬೋಣಿ ಯಾರು ಮಾಡಬೇಕು, ಹೆಪ್ಪು ಯಾರು ಹಾಕಿದರೆ ಮೊಸರು ಗಟ್ಟಿಯಾಗುತ್ತದೆ ಎಂದು ಕೈ ನೋಡಿ ಮಣೆ ಹಾಕುವ ಜನ ನಾವು. ಗಿರಿಯಮ್ಮ ಆ ಮಾತನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು. ಅವರು ಹೋದ ಮೇಲೆ ನಾನು ಮಹೇಂದ್ರನಿಗೆ ಬಾಯಿಗೆ ಬಂದಂತೆ ಬೈದೆ.

"ಮಾತಿಗಂದೆ ಕಮಲಕ್ಕ, ನಗಾಕ" ಎಂದ.

ಅವನು ನಕ್ಕು ಮರೆತ. ಹರಿಹರದಲ್ಲಿ ಯಾರೂ ನಗಲಿಲ್ಲ. ಪ್ರಿಂಟಿಗೆ ಫೋಟೋ ಕಳಿಸುವಾಗಲೆಲ್ಲ ಪುಷ್ಪಲತಾ ಫೋನಿನಲ್ಲಿ ಒಂದೊಂದೇ ಹೇಳುತ್ತಿದ್ದಳು. ಮೊದಲು ಹೆಪ್ಪು ಹಾಕುವುದನ್ನು ಬಿಡಿಸಿದರು. ಆಮೇಲೆ ದೀಪಕ್ಕೆ ಬತ್ತಿ ಇಡುವುದನ್ನು. ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು, ಹಿಂದಿನ ದಿನ ಹುಲ್ಲು ಹಾಕಿದ್ದು ಯಾರು ಎಂದು ವಿಚಾರಣೆ ನಡೆಯಿತು. ನಾದಿನಿ ರೇಖಾಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಇವಳನ್ನು ಪಕ್ಕದ ಖೈರುನ್ನೀಸಾಳ ಮನೆಗೆ ಕಳಿಸಿ, ಅವರು ಹೋದ ಮೇಲೆ ಬಾ ಅಂದರು. ಖೈರುನ್ನೀಸಾ ಒಳ್ಳೆಯ ಹೆಂಗಸು, ಉಣ್ಣಲು ಹಾಕಿ ಕಳಿಸಿದಳಂತೆ. ಅರುಣ ಏನಂದ ಎಂದು ಕೇಳಿದೆ. ಹೂಂ ಅಂದನಂತೆ.

ಆದರೆ ಹುಡುಗಿ ದಡ್ಡಿಯಲ್ಲ. ಕೂತು ಪರೀಕ್ಷೆ ಮಾಡಿದ್ದಳು.

"ಅಕ್ಕ, ನಾನು ನೋಡೀನಿ. ಯಾರು ಹಚ್ಚಿದ್ರೂ ಅಷ್ಟ. ದೊಡ್ಡ ವಿಡಿಯೋ ಹಾಕಿ ಬಿಸಿ ಆತು ಅಂದ್ರೆ ಗೆರೆ ಬರ್ತಾವೆ. ನಾನು ಅಡಿಗಿಮನ್ಯಾಗ ಇದ್ರೂ ಬರ್ತಾವೆ."

"ಮತ್ತ ನಿಮ್ಮ ಅತ್ತಿ ಮುಂದ ತೋರಿಸ್ಬೇಕಿಲ್ಲ?"

"ತೋರಿಸ್ದೆ. ಮನ್ಯಾಗ ಅದನ್ನ ದಿನಾ ಮುಟ್ಟಾಕಿ ನೀನಾ, ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತೆ, ಅಂದ್ರು. ಅದಕ್ಕೆ ಮಹೇಂದ್ರಣ್ಣನ ಅಂಗಡ್ಯಾಗ ಆಗ್ಲಿ ಅಂದೀನಿ. ಅವ್ರೇ ಹಚ್ಚಲಿ, ನಾನು ಹೊರಗ ನಿಲ್ತೀನಿ. ಆಗ್ಲೂ ಗೆರೆ ಬಂದ್ರೆ ಕೈ ನಂದಲ್ಲ, ಕಾರ್ಡಿಂದು ಅಂತ ಒಪ್ಪಬೇಕು. ಅತ್ತಿ ಒಪ್ತೀನಿ ಅಂದಾರೆ."

ಎಷ್ಟು ಚೊಕ್ಕ ಪರೀಕ್ಷೆ ನೋಡಿ. ಎಂಜಿನಿಯರಿಂಗ್ ಓದಿದವರೂ ಇದಕ್ಕಿಂತ ಚೊಕ್ಕವಾಗಿ ಮಾಡಲಾರರು. ಅವಳ ಹಣೆಬರಹ ಕೆಟ್ಟಿದ್ದೂ ಅಲ್ಲೇ.

ಒಂದು ಭಾನುವಾರ ಮೂವರೂ ಬಂದರು, ಗಿರಿಯಮ್ಮ, ಅರುಣ, ಪುಷ್ಪಲತಾ. ಮಹೇಂದ್ರ ಎಲ್ಲ ಕೇಳಿಸಿಕೊಂಡ. ಮೊದಲು ಧೂಳು ತೆಗೆಯಬೇಕು, ಊಟ ಮಾಡಿಕೊಂಡು ಬರ‍್ರಿ ಅಂದ. ಪುಷ್ಪಲತಾ ನನ್ನ ಅಂಗಡಿಗೆ ಬಂದು ವೈಟ್ನರ್ ಕೇಳಿ ಇಸಿದುಕೊಂಡು ಹೋದಳು. ಕಾರ್ಡಿನ ಫ್ಯಾನಿನ ಮೇಲ್ಚಿಪ್ಪಿಗೆ ಎಲ್ಲರ ಎದುರಿಗೇ ಒಂದು ಬಿಳಿ ಬೊಟ್ಟು ಇಟ್ಟಳು.

"ತಪ್ಪು ತಿಳ್ಕೋಬ್ಯಾಡ್ರಿ ಅಣ್ಣ. ಇದೇ ಕಾರ್ಡ್ ಇರ್ಬೇಕು. ಬದಲಿ ಮಾಡಿದ್ರೆ ಪರೀಕ್ಷೆ ಆಗಂಗಿಲ್ಲ."

"ಅಯ್ಯ, ಅದೇ ಇರ್ತೈತೆ ತಗೋಳವ್ವ" ಎಂದ ಮಹೇಂದ್ರ.

ಊಟ ಮುಗಿಸಿ ಬಂದ ಮೇಲೆ ಬಿಳಿ ಬೊಟ್ಟನ್ನು ಮೂವರೂ ಬಗ್ಗಿ ನೋಡಿದರು. ಪುಷ್ಪಲತಾ ಹೊರಗೆ ಬಂದು ನನ್ನ ಕೌಂಟರಿನ ಪಕ್ಕ ನಿಂತಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಆ ಕಡೆ ಮಹೇಂದ್ರ ದೊಡ್ಡ ವಿಡಿಯೋ ಹಚ್ಚಿದ ಸದ್ದು, ಮಂಗಳವಾದ್ಯದ ಸದ್ದು ಪ್ಲೈವುಡ್ಡಿನೊಳಗಿಂದ ಕೇಳುತ್ತಿತ್ತು. ಗೆರೆ ಬರಲಿ ಎಂದು ನಾನು ಹರಿಹರೇಶ್ವರನಿಗೆ ಹರಕೆ ಹೊತ್ತೆ. ಯಂತ್ರ ಕೆಡಲಿ ಎಂದು ಹರಕೆ ಹೊತ್ತವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಧಾರೆ ಮುಗಿಯಿತು, ಆರತಕ್ಷತೆ ಮುಗಿಯಿತು, ಬೀಗರ ಊಟವೂ ಮುಗಿಯಿತು. ಗೆರೆ ಬರಲಿಲ್ಲ. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಗಿರಿಯಮ್ಮ ಹೊರಗೆ ಬಂದಳು. ಬೈಯಲಿಲ್ಲ. "ನೀನೇ ಕೇಳಿದ ಪರೀಕ್ಷೆ ನೋಡವ್ವ ಇದು" ಎಂದಳು, ಅಷ್ಟೇ.

"ಈಗ ಒಂದ್ಸಲ ನಾನು ಮುಟ್ಟಿ ನೋಡ್ಲೇನು ಅತ್ತಿ? ಆಗ್ಲೂ ಚಲೋ ನಡೆದ್ರೆ..."

"ಬ್ಯಾಡ. ನಡೀತಿರೋದನ್ನ ಯಾಕ ಕೆಡಸ್ತಿ?"

ಪುಷ್ಪಲತಾ ಗಂಡನ ಮುಖ ನೋಡಿದಳು. ಅವನು ಬಸ್ಸಿಗೆ ಹೊತ್ತಾಯಿತು ಅಂದ. ಹರಿಹರಕ್ಕೆ ಬಸ್ಸಿಲ್ಲದ ಹೊತ್ತೇ ಇಲ್ಲ. ಆ ಮಾತಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಹೋಗುವಾಗ ಕ್ಯಾಬಿನೆಟ್ಟನ್ನು ಅವನೇ ಹೊತ್ತುಕೊಂಡ, ಅವಳ ಕೈಗೆ ಕೊಡಲಿಲ್ಲ.

ನಿಜ ನನಗೆ ತಿಳಿದದ್ದು ಎಷ್ಟೋ ತಿಂಗಳಾಗಿ, ದೀಪಾವಳಿ ಕಳೆದ ಮೇಲೆ; ಅಷ್ಟರಲ್ಲಿ ಪುಷ್ಪಲತಾಳ ಫೋನೂ ನಿಂತುಹೋಗಿತ್ತು. ಮಹೇಂದ್ರನ ಮೇಜಿನ ಮೇಲೆ ಫ್ಯಾನಿಲ್ಲದ ಒಂದು ಬೋಳು ಕಾರ್ಡು ಬಿದ್ದಿತ್ತು. ಇದೇನು ಹೀಗೆ ಎಂದು ಕೇಳಿದ್ದಕ್ಕೆ ತಾನೇ ಬಾಯಿಬಿಟ್ಟ, ಅದೂ ಹೆಮ್ಮೆಯಿಂದ. ಆ ಭಾನುವಾರ ಅವರು ಊಟಕ್ಕೆ ಹೋದಾಗ ಅದೇ ಕಂಪನಿಯ ಒಂದು ಗಟ್ಟಿ ಕಾರ್ಡು ತೆಗೆದು, ಬಿಳಿ ಬೊಟ್ಟಿನ ಫ್ಯಾನನ್ನು ಬಿಚ್ಚಿ ಅದಕ್ಕೆ ಕೂರಿಸಿದ್ದನಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಚಲೋ ಕಾರ್ಡ್ ಪುಗಸಟ್ಟೆ ಕೊಟ್ಟೀನಿ ಅಕ್ಕ. ಆಕಿಗೆ ಒಳ್ಳೇದ ಆತಲ್ಲ?"

ಒಳ್ಳೆಯದು ಏನಾಗಿದೆ ನೋಡಿಬರೋಣ ಎಂದು ಮರುದಿನವೇ ಅಂಗಡಿ ಮುಚ್ಚಿ ಹರಿಹರದ ಬಸ್ಸು ಹತ್ತಿದೆ.

ಕಂಪ್ಯೂಟರು ಕಿಟಕಿ ಪಕ್ಕದಲ್ಲೇ ಇತ್ತು, ಕೂತವಳು ಮಾತ್ರ ರೇಖಾ. ಪುಷ್ಪಲತಾ ಅವಳ ಕುರ್ಚಿಯ ಹಿಂದೆ ನಿಂತಿದ್ದಳು. ದಿನ ತುಂಬುತ್ತಾ ಬಂದ ಬಸುರಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. "ಇನ್ನಷ್ಟು ಎಡಕ್ಕ ತಗೋ. ಹಾಂ, ಅಲ್ಲಿ ಕತ್ತರಿಸು. ಅಜ್ಜಿ ಅಳೋದು ಇರ್ಲಿ, ಅದನ್ನ ತೆಗೀಬ್ಯಾಡ" ಎಂದು ಬಾಯಿಂದಲೇ ಮದುವೆ ಜೋಡಿಸುತ್ತಿದ್ದಳು. ಕಣ್ಣು ಅವಳದು, ಬುದ್ಧಿ ಅವಳದು, ಬೆರಳು ರೇಖಾಳದು. ಆಲ್ಬಮ್ಮಿನ ಕೊನೆಯ ಪುಟದಲ್ಲಿ ಹೆಸರೂ ರೇಖಾಳದೇ. ಕುರ್ಚಿಯ ಹಿಂದೆ ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಅದನ್ನು ದಾಟಿ ಅವಳು ಮೇಜಿನ ಹತ್ತಿರ ಬರುವಂತಿರಲಿಲ್ಲ.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಕಾಯಿಸಿದ ಕಾರ್ಡಿನ ಕಥೆ, ಫ್ಯಾನ್ ಬದಲಿಸಿದ ಕಥೆ ಎಲ್ಲವನ್ನೂ ಗಿರಿಯಮ್ಮನ ಮುಂದೆ ಸುರಿದೆ. ಅವಳು ನಿಧಾನವಾಗಿ ಕೇಳಿ, ರೇಖಾಳ ಕೈಯಲ್ಲಿ ಮಹೇಂದ್ರನಿಗೆ ಫೋನ್ ಮಾಡಿಸಿ, ಎಲ್ಲರಿಗೂ ಕೇಳುವಂತೆ ಇಡಿಸಿದಳು.

"ನಾನ್ಯಾಕ ಬದಲಿ ಮಾಡ್ಲಿ ಅಮ್ಮಾರೆ? ಗುರುತು ನೀವೇ ನೋಡಿರಲ್ಲ. ಕಮಲಕ್ಕ ಆ ಹುಡುಗಿ ಮ್ಯಾಲಿನ ಮರುಕಕ್ಕೆ ಏನೋ ಹೇಳ್ತಾರೆ, ಬಿಡ್ರಿ" ಎಂದ ಮಹೇಂದ್ರ.

"ಊಟ ಮಾಡ್ಕೊಂಡು ಹೋಗ್ರಿ ಕಮಲಕ್ಕ" ಎಂದಳು ಗಿರಿಯಮ್ಮ. ಅದರಲ್ಲೂ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಉಣ್ಣಲು ಕರೆದಳು, ಅದೇ ನನಗೆ ಹೆಚ್ಚು ಉರಿಯಿತು.

ನಾನು ಉಣ್ಣಲಿಲ್ಲ. ಪುಷ್ಪಲತಾಳನ್ನು ಹಿತ್ತಲಿಗೆ ಕರೆದೊಯ್ದು ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನಾನು ಹೇಳಿದ್ದು ಸುಳ್ಳೇನು? ನಿನಗೂ ನಂಬಿಕಿ ಇಲ್ಲೇನು?"

"ನೀವು ಹೇಳೋದು ನಿಜಾನ ಇರ್ಬೇಕು ಅಕ್ಕ. ಬಿಸಿಗೆ ಕೆಡ್ತೈತೆ ಅಂತ ಮೊದ್ಲು ಹೇಳಿದಾಕಿ ನಾನಲ್ಲ?" ಎಂದಳು. ಹೊಟ್ಟೆಯ ಕಡೆ ನೋಡಿಕೊಂಡಳು. ಅಲ್ಲೂ ಕೈ ಇಡಲಿಲ್ಲ. "ಆದ್ರೆ ನಿಜ ಅಲ್ಲದಿದ್ರೆ? ಕಂಪ್ಯೂಟರ್ ಆದ್ರೆ ಇನ್ನೊಂದು ಕಾರ್ಡ್ ಹಾಕ್ತಾರೆ."

ಅವಳು ಒಳಗೆ ಕೂತಿದ್ದ ರೇಖಾಳ ಕಡೆ ಕತ್ತು ಹೊರಳಿಸಿದಳು.

"ಹುಟ್ಟಿದ ಕೂಡ್ಲೆ ರೇಖಾ ಎತ್ಕೋತಾಳೆ. ಜೇನು ನೆಕ್ಕಿಸೋದು, ನೀರು ಹಾಕೋದು, ಎಲ್ಲಾ ಆಕೀನ. ಹಾಲು ಕುಡಿಸೋವಾಗಷ್ಟೇ ನನ್ನ ಮಗ್ಗುಲಿಗೆ ತಂದು ಮಲಗಿಸ್ರಿ, ನಾನು ಕೈ ಹಿಂದ ಇಟ್ಕೊಂತೀನಿ ಅಂದೀನಿ. ಅತ್ತಿ ಹೇಳಿದ್ದಲ್ಲ ಅಕ್ಕ ಇದು. ಅವ್ರು ಬ್ಯಾಡ ಅಂದ್ರು. ನಾನೇ ಕೇಳ್ಕೊಂಡೀನಿ."